ಸಿಲ್ಫ್ರಾದ ತಣ್ಣೀರಿಗೆ ಇಳಿಯುವ ಮುಂಚೆ ರೆಗ್ಯುಲೇಟರ್ ಬಗ್ಗೆ ಗೊತ್ತಿರಲಿ

ನೇತ್ರಾಣಿಯಲ್ಲಿ ಡೈವಿಂಗ್ ಕಲಿತ ನಮಗೆ ಒಂದು ಅಭ್ಯಾಸ ಇರುತ್ತದೆ. ದೋಣಿಯಲ್ಲೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಬಾಯಿಗಿಟ್ಟು ನಾಲ್ಕು ಉಸಿರು ಎಳೆಯುವುದು, ಪರ್ಜ್ ಬಟನ್ ಒತ್ತಿ ಬುಸ್ಸಂತ ಗಾಳಿ ಬಿಟ್ಟು ನೋಡುವುದು. ಕಳೆದ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ನೀರು ತುಂಬಿದ ನೆಲದ ಬಿರುಕಿನ ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ನಾನೂ ಅದನ್ನೇ ಮಾಡಲು ಹೋದೆ. ಗೈಡ್ ತಕ್ಷಣ ನನ್ನ ಕೈ ಹಿಡಿದುಕೊಂಡರು. "ಇಲ್ಲಿ ಬೇಡ. ನೀರಿಗೆ ಇಳಿದ ಮೇಲೆ ಉಸಿರಾಡು" ಎಂದರು.

ಕಾರಣ ಸರಳ. ಸೈಕಲ್ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ, ಅಲ್ವಾ? ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರಿಗೆ ಕೂರುವ ರೆಗ್ಯುಲೇಟರಿನ ಮೊದಲ ಭಾಗ, ಸುಮಾರು 10 ಬಾರ್ ಒತ್ತಡಕ್ಕೆ ಇಳಿಸುತ್ತದೆ. ಆಗ ಆ ಲೋಹ ಸೊನ್ನೆಗಿಂತಲೂ ಕೆಳಗೆ ತಣ್ಣಗಾಗಬಹುದು. ನೇತ್ರಾಣಿಯ ಬೆಚ್ಚಗಿನ ಸಮುದ್ರ ಅದನ್ನು ಮತ್ತೆ ಬಿಸಿ ಮಾಡಿಬಿಡುತ್ತದೆ. ಸಿಲ್ಫ್ರಾದಲ್ಲಿ ಹಾಗಾಗುವುದಿಲ್ಲ. ಅದು ಲಾಂಗ್‌ಯೋಕುಟ್ಲ್ ಹಿಮನದಿಯಿಂದ ಲಾವಾ ಕಲ್ಲಿನೊಳಗೆ ಹತ್ತಾರು ವರ್ಷ ಸೋಸಿ ಬಂದ ಸಿಹಿನೀರು. ವರ್ಷವಿಡೀ 2ರಿಂದ 4 ಡಿಗ್ರಿ. ಸುತ್ತಲಿನ ನೀರು ಮಂಜುಗಟ್ಟಿ ವಾಲ್ವನ್ನು ತೆರೆದ ಸ್ಥಿತಿಯಲ್ಲೇ ಹಿಡಿದುಬಿಟ್ಟರೆ ಗಾಳಿ ನಿಲ್ಲದೆ ನುಗ್ಗುತ್ತದೆ. ಇದಕ್ಕೆ ಫ್ರೀ ಫ್ಲೋ ಅನ್ನುತ್ತಾರೆ. ಬಾಯಿಯ ಕಡೆಯ ಸೆಕೆಂಡ್ ಸ್ಟೇಜಿನಲ್ಲೂ ಇದು ಆಗುತ್ತದೆ. ಅಲ್ಲಿ ಮಂಜುಗಟ್ಟುವುದು ನಮ್ಮ ಉಸಿರಿನ ತೇವ. ಗೈಡ್ ಮೆಟ್ಟಿಲ ಮೇಲೆ ನನ್ನನ್ನು ತಡೆದಿದ್ದು ಅದಕ್ಕೇ.

ನನ್ನ ಗೆಳೆಯನಿಗೆ ಆಗಿದ್ದು ಇದೇ. ಎರಡನೇ ಡೈವ್, ಹತ್ತು ಮೀಟರ್ ಆಳ. ಬೇಗ ಇಳಿಯುತ್ತಿದ್ದೇನೆ ಅನ್ನಿಸಿ ಡ್ರೈಸೂಟಿಗೆ (ನೀರು ಒಳಗೆ ಬಿಡದ ಡೈವಿಂಗ್ ಉಡುಪು) ಗಾಳಿ ತುಂಬುವ ಬಟನ್ ಒತ್ತಿ ಹಿಡಿದ. ಅದೇ ಹೊತ್ತಿಗೆ ಜೋರಾಗಿ ಉಸಿರನ್ನೂ ಎಳೆದ. ಎರಡೂ ಸೇರಿ ಒಂದೇ ಫಸ್ಟ್ ಸ್ಟೇಜಿನಿಂದ ಜಾಸ್ತಿ ಗಾಳಿ ಹರಿಯಿತು. ಮರುಕ್ಷಣ ಅವನ ಮುಖವೇ ಕಾಣದಷ್ಟು ಬಿಳಿ ಗುಳ್ಳೆ. ಅಷ್ಟು ತಿಳಿ ನೀರಿನಲ್ಲಿ ಎರಡು ಕೈ ದೂರದಲ್ಲಿದ್ದ ಅವನು ನನಗೆ ಕಾಣಲಿಲ್ಲ. ನನ್ನ ಎದೆ ಹೊಡೆದುಕೊಂಡಿದ್ದು ನನಗೇ ಕೇಳಿಸುತ್ತಿತ್ತು.

ಗೈಡ್ ಅವನಿಗೆ ಅವನದ್ದೇ ಎರಡನೇ ರೆಗ್ಯುಲೇಟರ್ ಕೊಟ್ಟು, ಮಂಜುಗಟ್ಟಿದ್ದಕ್ಕೆ ಗಾಳಿ ಕೊಡುವ ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿದರು. ಗುಳ್ಳೆ ನಿಂತಿತು. ನಿಧಾನಕ್ಕೆ ಮೇಲೆ ಬಂದೆವು, ಡೈವ್ ಅಲ್ಲಿಗೇ ಮುಗಿಸಿದೆವು. ಎರಡು ಫಸ್ಟ್ ಸ್ಟೇಜ್, ಎರಡಕ್ಕೂ ಬೇರೆ ಬೇರೆ ವಾಲ್ವ್ ಇದ್ದಿದ್ದರಿಂದ ಇದು ಸಾಧ್ಯವಾಯಿತು. ಬುಕ್ ಮಾಡುವಾಗ ಇದನ್ನು ಕೇಳಿಯೇ ಕೇಳಿ. ಒಂದೇ ಇದ್ದರೆ ಜೊತೆಗಾರನ ಗಾಳಿ ಹಂಚಿಕೊಳ್ಳಬೇಕು. ಆಗ ಇಬ್ಬರ ಉಸಿರಿನ ಭಾರ ಬಿದ್ದು ಅವನದ್ದೂ ಮಂಜುಗಟ್ಟಬಹುದು. ಹಾಗಾಗಿ ತಡ ಮಾಡದೆ, ಆದರೆ ಮಾಮೂಲಿ ವೇಗದಲ್ಲೇ ಮೇಲೇರಬೇಕು.

ಗಾಳಿ ನುಗ್ಗುತ್ತಿರುವ ರೆಗ್ಯುಲೇಟರಿನಲ್ಲೂ ಉಸಿರಾಡಬಹುದು. ತುಟಿ ಸಡಿಲ ಬಿಟ್ಟು ಜಾಸ್ತಿಯಾದ ಗಾಳಿ ಹೊರಹೋಗಲು ಬಿಡಿ, ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳಿ. ಇದನ್ನು ಊರಲ್ಲೇ, ಈಜುಕೊಳದಲ್ಲಿ ಹತ್ತು ಸಲ ಮಾಡಿ ಹೋಗಿ. ಸಿಲ್ಫ್ರಾದಲ್ಲಿ ತುಟಿ ಮರಗಟ್ಟಿರುತ್ತದೆ, ಅಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ. ದಪ್ಪ ಗ್ಲೌಸ್ ಹಾಕಿಕೊಂಡು ಡ್ರೈಸೂಟಿನ ಹೋಸ್ ಕಳಚುವುದನ್ನೂ ಅಭ್ಯಾಸ ಮಾಡಿ. ಆ ಬಟನ್ ಕೂಡ ಮಂಜುಗಟ್ಟಿ ಅಂಟಿಕೊಳ್ಳುವುದುಂಟು.

ನೀರಿನಲ್ಲಿ ಡ್ರೈಸೂಟಿಗೆ ಗಾಳಿ ಬಿಡುವಾಗ ಚಿಟಿಕೆ ಹೊಡೆದಷ್ಟು ಹೊತ್ತು ಮಾತ್ರ ಒತ್ತಿ, ಉಸಿರು ಬಿಡುವಾಗ ಒತ್ತಿ. ಓಡಾಟ ಕಡಿಮೆ, ಉಸಿರು ನಿಧಾನ. ನೀರಿಗೆ ಇಳಿಯುವವರೆಗೆ ಸೆಕೆಂಡ್ ಸ್ಟೇಜಿನ ಪಕ್ಕದ ಪುಟ್ಟ ಲಿವರ್, ಗಾಳಿ ತಾನಾಗಿ ನುಗ್ಗದಂತೆ, ಮೈನಸ್ ಕಡೆ ಇರಲಿ. ಗಾಳಿ ಬರುತ್ತದಾ ಅಂತ ನೋಡಲೇಬೇಕಲ್ಲ, ಅದನ್ನು ಬೆಚ್ಚಗಿನ ವ್ಯಾನಿನೊಳಗೆ ನೋಡಿ. ಎಳೆದ ಉಸಿರನ್ನು ರೆಗ್ಯುಲೇಟರ್ ಬಾಯಿಂದ ತೆಗೆದು ಹೊರಗೆ ಬಿಡಿ.

ಸ್ವಂತ ರೆಗ್ಯುಲೇಟರ್ ಒಯ್ಯುವ ಆಸೆ ಇದ್ದರೆ ಅದರ ಮೇಲಿನ ಗುರುತು ನೋಡಿ. ರೆಗ್ಯುಲೇಟರುಗಳ ಯುರೋಪಿಯನ್ ಮಾನದಂಡವಾದ ‘ಇಎನ್ 250’ ಪಕ್ಕ 10 ಡಿಗ್ರಿಗಿಂತ ಮೇಲೆ ಎಂದಿದ್ದರೆ ಮನೆಯಲ್ಲೇ ಬಿಡಿ. ಡ್ರೈಸೂಟ್ ಸರ್ಟಿಫಿಕೇಟ್ ಅಥವಾ ಡ್ರೈಸೂಟಿನಲ್ಲಿ ಮಾಡಿದ ಡೈವ್‌ಗಳ ದಾಖಲೆ ಇಲ್ಲದೆ ಅಲ್ಲಿ ಡೈವ್‌ಗೆ ಬಿಡುವುದಿಲ್ಲ. ಇಲ್ಲದವರು ಸ್ನಾರ್ಕೆಲಿಂಗ್ ಮಾಡಬಹುದು, ಆ ನೀಲಿ ಮೇಲಿನಿಂದಲೂ ಪೂರ್ತಿ ಕಾಣುತ್ತದೆ.

ನೀರು ಯಾವಾಗ ಹೋದರೂ ಅಷ್ಟೇ ತಣ್ಣಗೆ. ಬದಲಾಗುವುದು ಹೊರಗಿನ ಗಾಳಿ. ಮೊದಲ ಸಲವಾದರೆ ಜೂನ್‌ನಿಂದ ಆಗಸ್ಟ್ ಒಳ್ಳೆಯದು. ಚಳಿಗಾಲದಲ್ಲೇ ಹೋದರೆ ಎರಡು ಡೈವ್ ನಡುವೆ ಒದ್ದೆ ರೆಗ್ಯುಲೇಟರನ್ನು ಗಾಳಿಗೆ ಬಿಡಬೇಡಿ. ನೀರು ಒದರಿ, ಒಣ ಟವೆಲಿನಲ್ಲಿ ಸುತ್ತಿ ವ್ಯಾನಿನೊಳಗೆ ಇಡಿ.