ಮಾಂಟ್‌ಗೊಮರಿಯ ಎರಡು ಸ್ಮಶಾನಗಳು

ಅಟ್ಲಾಂಟಾದ ಅಕ್ಕನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು, ಭಾವ ಮತ್ತು ನಾನು. ಅಕ್ಕ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎರಡೂವರೆ ಗಂಟೆ ಕಾರು ಓಡಿಸಿದರೂ ಮಾಂಟ್‌ಗೊಮರಿ ತಲುಪಿದಾಗ ಇನ್ನೂ ಏಳೂವರೆ. ನಾವು ನೋಡಲು ಬಂದಿದ್ದ, ಅಮೆರಿಕದ ಕಂಟ್ರಿ ಸಂಗೀತದ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ನ ಮ್ಯೂಸಿಯಂ ತೆರೆದಿರಲಿಲ್ಲ. ಮೊದಲು ಓಕ್‌ವುಡ್ ಸ್ಮಶಾನಕ್ಕೆ ಹೋದೆವು.

ಹ್ಯಾಂಕ್ ವಿಲಿಯಮ್ಸ್ ಸಮಾಧಿ ಗುಡ್ಡದ ಮೇಲಿದೆ. ಆಳೆತ್ತರಕ್ಕಿಂತ ಜಾಸ್ತಿ ಎತ್ತರದ ಅಮೃತಶಿಲೆ, ಬುಡದಲ್ಲಿ ಕಲ್ಲಲ್ಲೇ ಕಡೆದ ಕೌಬಾಯ್ ಟೋಪಿ. ಟೋಪಿಯ ಅಂಚಿನ ಮೇಲೆ ಯಾರೋ ಗಿಟಾರ್ ಮೀಟುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಹೋಗಿದ್ದರು. ಒಂದು ಮೂಲೆ ಸವೆದು ಬಿಳಿಯಾಗಿತ್ತು. ನುಡಿಸಿ ನುಡಿಸಿ ಸವೆದದ್ದು. ತಂದಿದ್ದ ಎರಡು ಕಟ್ಟು ಹೂವಿನಲ್ಲಿ ಒಂದನ್ನು ಅಲ್ಲಿಟ್ಟೆ.

ಹುಟ್ಟಿದ್ದು 1923ರಲ್ಲಿ, ಇದೇ ಅಲಬಾಮಾದ ಹಳ್ಳಿಯಲ್ಲಿ. ಹುಟ್ಟಿನಿಂದಲೇ ಬೆನ್ನುಮೂಳೆಯಲ್ಲಿ ದೋಷ. ಹದಿಹರೆಯದಲ್ಲೇ ಮಾಂಟ್‌ಗೊಮರಿಯ ರೇಡಿಯೋದಲ್ಲಿ ಹಾಡಿದ. 1949ರ ಜೂನ್ 11ರಂದು ನ್ಯಾಶ್‌ವಿಲ್‌ನ ಹೆಸರಾಂತ ರೇಡಿಯೋ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಮೊದಲ ಸಲ ಹಾಡಿದಾಗ, ಜನ ಬಿಡದೆ ಆರು ಸಲ ಮತ್ತೆ ಹಾಡಿಸಿದರಂತೆ. ಮೂರೇ ವರ್ಷ. ಕುಡಿತ ಮಿತಿಮೀರಿ 1952ರಲ್ಲಿ ಅದೇ ವೇದಿಕೆಯಿಂದ ಹೊರಬಿದ್ದ. ಅವನ ಹಾಡಿನ ಮಾತುಗಳು ಎಷ್ಟು ಸರಳ ಅಂದರೆ, ನನ್ನ ಅಷ್ಟಿಷ್ಟು ಇಂಗ್ಲಿಷಿಗೂ ಮೊದಲ ಸಲಕ್ಕೇ ಹೊಟ್ಟೆ ಕಲಕಿತ್ತು.

ಮ್ಯೂಸಿಯಂನಲ್ಲಿ ಅವನ ತಿಳಿನೀಲಿ ಕ್ಯಾಡಿಲಾಕ್ ಕಾರು ಇದೆ. 1953ರ ಹೊಸ ವರ್ಷದ ದಿನ ಓಹಾಯೋದ ಕಾರ್ಯಕ್ರಮಕ್ಕೆ ಹೊರಟವನು ಅದರ ಹಿಂದಿನ ಸೀಟಿನಲ್ಲೇ ತೀರಿಕೊಂಡ. ಕಾರು ಓಡಿಸುತ್ತಿದ್ದ ಹುಡುಗ, ಮಲಗಿದ್ದಾನೆ ಅಂದುಕೊಂಡಿದ್ದ. ವಯಸ್ಸು 29. ಆ ಸೀಟನ್ನು ನೋಡುತ್ತಾ ನಿಂತೆ. ಮೈಮುರಿದು ಮಲಗಲೂ ಸಾಲದಷ್ಟು ಜಾಗ. ಬೆನ್ನುನೋವಿನ ಮನುಷ್ಯ, ರಾತ್ರಿಯಿಡೀ ಪ್ರಯಾಣ. ಭಾವ ಏನೂ ಮಾತಾಡಲಿಲ್ಲ.

ಹೊರಗೆ ಬಂದು ಚಿತ್ರಾನ್ನ ತಿನ್ನುವಾಗ ಕೇಳಿದರು, "ಇನ್ನೊಂದು ಕಟ್ಟು ಹೂವು ಯಾರಿಗೋ?"

"ಅವನ ಮೇಷ್ಟ್ರಿಗೆ, ಭಾವ."

ರೂಫಸ್ ಪೇನ್. ಜನ ಕರೆಯುತ್ತಿದ್ದದ್ದು ಟೀ-ಟಾಟ್ ಅಂತ. ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಜನಾಂಗದ ಗಾಯಕ. ಬಿಳಿಯರ ಹುಡುಗನಾದ ಹ್ಯಾಂಕ್ ಅವನ ಹಿಂದೆ ಹಿಂದೆ ಸುತ್ತಿ ಗಿಟಾರ್ ಕಲಿತ. ಪಾಠಕ್ಕೆ ಸಂಬಳ ಅಂದರೆ ಒಂದಿಷ್ಟು ಚಿಲ್ಲರೆ ಅಥವಾ ಹ್ಯಾಂಕ್‌ನ ತಾಯಿ ಹಾಕುತ್ತಿದ್ದ ಊಟ ಅಂತ ಹೇಳುತ್ತಾರೆ. ತನಗೆ ಸಿಕ್ಕ ಸಂಗೀತದ ಪಾಠವೆಲ್ಲ ಅವನಿಂದಲೇ ಅಂತ ಹ್ಯಾಂಕ್ ದೊಡ್ಡವನಾದ ಮೇಲೂ ಹೇಳುತ್ತಿದ್ದ. ಪೇನ್ 1939ರಲ್ಲಿ ಬಡತನದಲ್ಲೇ ಸತ್ತ. ಶಿಷ್ಯನ ಹೆಸರು ದೊಡ್ಡದಾಗಿದ್ದನ್ನು ನೋಡಲೇ ಇಲ್ಲ.

ಅವನನ್ನು ಮಣ್ಣು ಮಾಡಿದ್ದು ಇದೇ ಊರಿನ ಲಿಂಕನ್ ಸ್ಮಶಾನದಲ್ಲಿ, ಕಪ್ಪು ಜನರಿಗಾಗಿ ಇದ್ದ ಸ್ಮಶಾನ. ಅಲ್ಲಿ ಪೇನ್ ಹೆಸರಿನ ಒಂದು ಸ್ಮಾರಕ ಕಲ್ಲಿದೆ. ಆದರೆ ಸಮಾಧಿ ಎಲ್ಲಿದೆ ಅನ್ನುವುದಕ್ಕೆ ಗುರುತಿಲ್ಲ. ಸುಮ್ನೆ ಹುಲ್ಲು, ಅಲ್ಲಲ್ಲಿ ವಾಲಿದ ಕಲ್ಲುಗಳು. ಶಿಷ್ಯನಿಗೆ ಕಲ್ಲಿನ ಟೋಪಿ, ಗುರುವಿನ ಸಮಾಧಿಗೆ ಒಂದು ಗುರುತೂ ಇಲ್ಲ. ಗಂಟಲು ಕಟ್ಟಿತು.

ಹೂವನ್ನು ಸ್ಮಾರಕದ ಬುಡದಲ್ಲಿಟ್ಟೆವು.

"ಯಾವ ಕಡೆ ತಿರುಗಿ ಕೈ ಮುಗಿಯೋದೋ?" ಅಂದರು ಭಾವ.

ಗೊತ್ತಾಗಲಿಲ್ಲ. ಇಬ್ಬರೂ ಚಪ್ಪಲಿ ಬಿಟ್ಟು ಆ ಇಡೀ ಹುಲ್ಲುಗಾವಲಿಗೇ ಕೈ ಮುಗಿದೆವು.