71ನೇ ಪುಟದ ತಿದ್ದುಪಡಿ

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕಂಪನಿ ನಾಟಕಗಳ ಪುಸ್ತಕ, ಪಂಚಾಂಗ, ಪುರಾಣ, ಶಾಲೆಯ ಮಕ್ಕಳ ಗೈಡು, ಹೀಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಇರುವ ಹಳೆಯ ಪುಸ್ತಕಗಳ ಮೊದಲ ಪುಟ ತಿರುಗಿಸಿದರೆ ಈ ಊರಿನ ಹೆಸರು ಸಿಗುವುದೇ ಹೆಚ್ಚು. ಈಗಲೂ ದೀಪಾವಳಿ ಮುಗಿದರೆ ಸಾಕು, ಇಲ್ಲಿನ ಪ್ರೆಸ್ಸುಗಳಿಗೆ ಉಸಿರಾಡಲು ಬಿಡುವಿಲ್ಲ. ಹೊಸ ವರ್ಷದ ಕ್ಯಾಲೆಂಡರು, ಲಗ್ನಪತ್ರಿಕೆ, ಸೊಸೈಟಿಗಳ ಪಾವತಿ ಪುಸ್ತಕ. ಈ ಅವಸರದ ನಡುವೆ ಒಂದು ಚೊಚ್ಚಲ ಕಥಾಸಂಕಲನದ ಕೊನೆಯ ಕರಡು ನೋಡಲು ನಾನು ಇಡೀ ಒಂದು ದಿನ ಅಲ್ಲಿ ಕುಳಿತಿದ್ದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪರಿಚಯದವರ ಪುಸ್ತಕಗಳ ಕರಡು ತಿದ್ದಿಕೊಡುತ್ತೇನೆ. ಕಥೆ ಬರೆದಾಕೆ ತಾಲ್ಲೂಕು ಆಸ್ಪತ್ರೆಯೊಂದರ ಶುಶ್ರೂಷಕಿ, ಹೆಸರು ಬೇಡ. ಅವಳು ನನ್ನ ವಿದ್ಯಾರ್ಥಿನಿಯಲ್ಲ, ಆದರೂ ನಮ್ಮ ಕಡೆಯ ರೂಢಿಯಂತೆ ಮೊದಲ ಭೇಟಿಯಿಂದಲೇ ನನ್ನನ್ನು ‘ಅಕ್ಕೋರೆ’ ಎಂದು ಕರೆಯುತ್ತಾಳೆ. ರಾತ್ರಿ ಪಾಳಿಯಲ್ಲಿ ವಾರ್ಡು ತಣ್ಣಗಾದಾಗ ಮೊಬೈಲಿನಲ್ಲಿ ಬೆರಳಾಡಿಸಿ ಬರೆದ ಕಥೆಗಳು ಅವು. ಬರೆದಷ್ಟನ್ನು ತನ್ನದೇ ವಾಟ್ಸಾಪ್‌ಗೆ ಕಳಿಸಿಕೊಂಡು, ರಜೆಯ ದಿನ ಜೋಡಿಸುತ್ತಿದ್ದಳು. ಮೊದಲ ಕಥೆ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂತು. ಆಮೇಲೆ ದೀಪಾವಳಿ ವಿಶೇಷಾಂಕದ ಸ್ಪರ್ಧೆಯಲ್ಲಿ ಒಂದಕ್ಕೆ ಮೆಚ್ಚುಗೆ ಸಿಕ್ಕಿತು. ಕನ್ನಡದ ಕಥೆಗಾರರಲ್ಲಿ ಬಹಳ ಮಂದಿ ಹತ್ತಿದ ಮೆಟ್ಟಿಲುಗಳೇ ಇವು.

ಪುರವಣಿಯಿಂದ ಪುಸ್ತಕಕ್ಕೆ ಹೋಗುವ ದಾರಿ ಮಾತ್ರ ಬೇರೆಯೇ. ಒಬ್ಬ ಪ್ರಕಾಶಕರು ಹಸ್ತಪ್ರತಿ ಇಟ್ಟುಕೊಂಡು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಒಪ್ಪಿದರು, ಆದರೆ ಮುದ್ರಿಸಿದ ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಲೇಖಕಿಯೇ ಮುಂಗಡ ಹಣ ಕೊಟ್ಟು ಕೊಳ್ಳಬೇಕು ಎಂದರು. ಹೊಸಬರಿಂದ ಹೀಗೆ ಹಣ ಕೇಳುವುದು ಈಗ ಎಷ್ಟು ಸಾಮಾನ್ಯವಾಗಿದೆಯೆಂದರೆ ಯಾರಿಗೂ ಅದು ಅನ್ಯಾಯ ಎಂದು ಅನ್ನಿಸುವುದೇ ಇಲ್ಲ. ನನಗೆ ಅನ್ನಿಸುತ್ತದೆ. ಬರೆದವರು ಬರವಣಿಗೆಯನ್ನೂ ಕೊಟ್ಟು, ಹಣವನ್ನೂ ಕೊಟ್ಟು, ಕೊನೆಗೆ ತಮ್ಮ ಪುಸ್ತಕಕ್ಕೆ ತಾವೇ ಗಿರಾಕಿಯೂ ಆಗಬೇಕೆಂದರೆ ಪ್ರಕಾಶಕರ ಪಾಲಿನ ಕೆಲಸ ಯಾವುದು? ಅವಳು ಆ ಕರಾರಿಗೆ ಸಹಿ ಹಾಕಲಿಲ್ಲ. ಚೀಟಿ ಎತ್ತಿದ ಹಣದಲ್ಲಿ ತಾನೇ ಅಚ್ಚು ಹಾಕಿಸುತ್ತೇನೆ ಎಂದು ಹೊರಟಳು. 500 ಪ್ರತಿ, ಡೆಮಿ ಆಕಾರ, 128 ಪುಟ.

ತಾನೇ ಅಚ್ಚು ಹಾಕಿಸುವವರನ್ನು ಕೀಳಾಗಿ ಕಾಣುವವರಿಗೆ ನಮ್ಮ ಸೀಮೆಯ ಚರಿತ್ರೆ ಗೊತ್ತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತ ಸಂಸ್ಥೆ. ಸುಭಾಷ ರಸ್ತೆಯಲ್ಲಿ ಆ ಸಂಸ್ಥೆಯಿದ್ದ ಅಟ್ಟದಿಂದಲೇ 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಹೊರಬಂತು. ನಮ್ಮ ಕಾಲಕ್ಕೆ ಬಂದರೆ, ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾಗಲೇ ‘ಛಂದ ಪುಸ್ತಕ’ ಎಂಬ ಪ್ರಕಾಶನವನ್ನು ಆರಂಭಿಸಿದರು, ತಮ್ಮ ಪುಸ್ತಕಗಳಿಗೆ ದಾರಿ ಮಾಡಿಕೊಂಡಷ್ಟಕ್ಕೇ ನಿಲ್ಲದೆ ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಇಟ್ಟು ಗೆದ್ದವರ ಮೊದಲ ಸಂಕಲನ ಪ್ರಕಟಿಸಿದರು. ಹಾಗೆ ಬೆಳಕಿಗೆ ಬಂದವರಲ್ಲಿ ಕೊಡಗಿನ ಶಾಂತಿ ಕೆ. ಅಪ್ಪಣ್ಣ ಒಬ್ಬರು. ಅವರು ಚೆನ್ನೈಯ ರೈಲ್ವೆ ಆಸ್ಪತ್ರೆಯಲ್ಲಿ ಶುಶ್ರೂಷಕಿ. ‘ಮನಸು ಅಭಿಸಾರಿಕೆ’ ಸಂಕಲನಕ್ಕೆ 2017ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಈ ಸಂಗತಿಯನ್ನು ನಮ್ಮ ಹುಡುಗಿಗೆ ಹೇಳಿದ್ದು ನಾನೇ. ‘ನರ್ಸುಗಳೂ ಬರೆಯುತ್ತಾರೆಯೇ?’ ಎಂದು ಅವಳ ವಾರ್ಡಿನಲ್ಲಿ ಯಾರೋ ಕೇಳಿದ್ದರಂತೆ, ಅದಕ್ಕೆ ಉತ್ತರ ಬೇಕಾಗಿತ್ತು.

ಕನ್ನಡದಲ್ಲಿ ಬರವಣಿಗೆಯೊಂದನ್ನೇ ನಂಬಿ ಸಂಸಾರ ತೂಗಿಸುವವರು ಇಲ್ಲವೆನ್ನುವಷ್ಟು ಕಡಿಮೆ. ಜಯಂತ ಕಾಯ್ಕಿಣಿ ಮುಂಬಯಿಯ ಔಷಧ ಕಂಪನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದರು. ವಿವೇಕ ಶಾನಭಾಗ ಇಂಜಿನಿಯರ್. ಹಾಸನದ ಬಾನು ಮುಷ್ತಾಕ್ ವಕೀಲರು. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದ ಕಥೆಗಳಿಂದ ಆಯ್ದ 12 ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಗ್ಲಿಷಿಗೆ ಹೋಗಿ, 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಾಗ ನಮ್ಮ ಓಣಿಯಲ್ಲಿ ನಾನು ಸಿಹಿ ಹಂಚಿದ್ದೆ. ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು; ಅಲ್ಲಿಯವರೆಗೆ ಅವರದು ಮನೆವಾರ್ತೆಯ ಬದುಕು. ಇಂಥವರ ಬರವಣಿಗೆಗೆ ಕಸುವು ಬರುವುದು ಅವರು ದಿನವೂ ನೋಡುವ ಜನರಿಂದ. ಸಂಬಳ ಕೊಡುವ ಕೆಲಸವೇ ಕಥೆಯನ್ನೂ ಕೊಡುತ್ತದೆ. ಹಾಗೆ ಸಿಕ್ಕ ಕಥೆಯ ಹಿಂದೆ ಉಸಿರಾಡುವ ಒಬ್ಬ ಮನುಷ್ಯ ಇರುತ್ತಾನೆ ಎಂಬುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆ ದಿನವೇ.

ಬೆಳಿಗ್ಗೆ ನಾವು ಕೂತದ್ದು ಪ್ರೆಸ್ಸಿನ ಹಿಂಭಾಗದ ಡಿಟಿಪಿ ಕೋಣೆಯಲ್ಲಿ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಪುಟ ಕಟ್ಟಲು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದ್ದರು. ಅಲ್ಲಿಯೇ ಆಪತ್ತು. ಕಣ್ಣಿಗೆ ಕಾಣದ ಒಂದು ಚಿಹ್ನೆ ಬಿಟ್ಟುಹೋಗಿ ‘ವಾರ್ಡ್‌ನಲ್ಲಿ’ ಎಂದಿದ್ದ ಕಡೆಯೆಲ್ಲ ಡಕಾರದ ಕೆಳಗೆ ನಕಾರದ ಒತ್ತು ಬಂದು ‘ವಾರ್ಡ್ನಲ್ಲಿ’ ಆಗಿತ್ತು. ‘ಡಾಕ್ಟರ್‌ಗೆ’ ಎಂಬುದು ‘ಡಾಕ್ಟರ್ಗೆ’ ಆಗಿ ಗಕಾರದ ಬಲಕ್ಕೆ ಅರ್ಕಾವೊತ್ತು ಅಂಟಿಕೊಂಡಿತ್ತು. ಆಸ್ಪತ್ರೆಯ ಕಥೆಗಳಲ್ಲಿ ವಾರ್ಡು, ಡಾಕ್ಟರು, ಸಿಸ್ಟರು, ಟೆಸ್ಟು ಇಲ್ಲದ ಪುಟ ಯಾವುದಿದೆ? ಅವಳು ಮೊಬೈಲಿನ ಮೂಲ ನೋಡಿ ಗಟ್ಟಿಯಾಗಿ ಓದುತ್ತಿದ್ದಳು, ನಾನು ಅಚ್ಚಿನ ಹಾಳೆಯ ಮೇಲೆ ಕೆಂಪು ಪೆನ್ನು ಓಡಿಸುತ್ತಿದ್ದೆ. ಕರಡು ತಿದ್ದಲು ಇದಕ್ಕಿಂತ ಭದ್ರವಾದ ಉಪಾಯವನ್ನು ನಾನು ಕಾಣೆ. ಕಣ್ಣು ಮೋಸ ಹೋದಲ್ಲಿ ಕಿವಿ ಹಿಡಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಐದನೆಯ ಕಥೆಗೆ ಬಂದೆವು. ಸೂಲಗಿತ್ತಿಯ ಕಥೆ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಕೆಲಸ ಕಳೆದುಕೊಂಡ ಮುದುಕಿ, ತನ್ನ ಮೊಮ್ಮಗಳ ಜೊತೆ 108 ವಾಹನದಲ್ಲಿ ಆಸ್ಪತ್ರೆಗೆ ಬರುತ್ತಾಳೆ. ಹೆರಿಗೆ ಕೋಣೆಯ ಬಾಗಿಲಲ್ಲಿ ಶುಶ್ರೂಷಕಿ ಅವಳನ್ನು ತಡೆದು ಹೊರಗೆ ನಿಲ್ಲಿಸುತ್ತಾಳೆ. ಊರಿನ ಅರ್ಧ ಮಂದಿಯನ್ನು ಭೂಮಿಗೆ ತಂದ ಕೈಗಳು ಆ ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತವೆ. ಇಡೀ ಸಂಕಲನದಲ್ಲಿ ನನಗೆ ಬಹಳ ಹಿಡಿಸಿದ ಕಥೆ ಅದು.

ಓದಿ ಮುಗಿದ ಮೇಲೆ ನಾನು ಕೇಳಿದೆ, ‘ಈ ಆಯಿ ಇದ್ದಾರೆಯೇ?’

‘ಇದ್ದಾರೆ ಅಕ್ಕೋರೆ. ರೋಣ ತಾಲ್ಲೂಕಿನವರು. ಬಾಗಿಲು ಹಾಕಿದವಳು ನಾನೇ.’

‘ಕಥೆಯಾದದ್ದು ಅವರಿಗೆ ಗೊತ್ತೇ?’

ಅವಳು ತಲೆ ತಗ್ಗಿಸಿದಳು. ಪುರವಣಿಯಲ್ಲಿ ಬಂದಾಗ ಆ ಹಳ್ಳಿಗೆ ಪತ್ರಿಕೆ ಹೋಗಿರಲಿಲ್ಲ, ಹೋಗಿದ್ದರೂ ಆಯಿಗೆ ಓದು ಬಾರದು. ಪುಸ್ತಕದ ಮಾತು ಹಾಗಲ್ಲ. ಅದು ಉಳಿಯುತ್ತದೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಪಾಟಿಗೂ ಹೋಗಬಹುದು, ಆಯಿಯ ಮೊಮ್ಮಕ್ಕಳು ಓದುವ ವಯಸ್ಸಿಗೆ ಬಂದಿದ್ದಾರೆ. ಹೆಸರು ಬದಲಿಸಿದರೇನು, ಆ ಊರಿನಲ್ಲಿ ಸೂಲಗಿತ್ತಿ ಎಂದರೆ ಒಬ್ಬರೇ. ‘ಬೇಡ ಎಂದರೆ ತೆಗೆದುಬಿಡುತ್ತೇನೆ, ಆದರೆ ಕೇಳದೆ ಅಚ್ಚಿಗೆ ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ’ ಎಂದಳು. ತೆಗೆದರೆ ಒಂದಿಡೀ ಫಾರಮ್ಮಿನಷ್ಟು, ಅಂದರೆ ಹದಿನಾರು ಪುಟ ಹೋಗುತ್ತದೆ. ಪ್ರೆಸ್ಸಿನ ಮಾಲೀಕರು ಗಡಿಯಾರ ನೋಡಿದರು, ಮರುದಿನ ಬೆಳಿಗ್ಗೆ ಯಂತ್ರಕ್ಕೆ ಕ್ಯಾಲೆಂಡರು ಏರಬೇಕಿತ್ತು. ಆದರೂ ಆ ಹಿರಿಯರು ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಚಹಾ ತರಿಸಿದರು.

ಅವಳು ಫೋನ್ ಮಾಡಿದಳು. ಕ್ಷೇಮ ಸಮಾಚಾರದ ಮಾತು ಮುಗಿದ ಮೇಲೆ, ‘ಆಯಿ, ನಿಮ್ಮ ಬಗ್ಗೆ ಒಂದು ಕಥೆ ಬರೆದಿದ್ದೇನೆ, ಓದುತ್ತೇನೆ, ಕೇಳಿ’ ಎಂದು ಸ್ಪೀಕರ್ ಹಾಕಿ ಮೊದಲಿನಿಂದ ಓದತೊಡಗಿದಳು. ಪಕ್ಕದ ಕೋಣೆಯಲ್ಲಿ ಯಂತ್ರ ದಡದಡ ಸದ್ದು ಮಾಡುತ್ತಿತ್ತು, ಮಾಲೀಕರು ಹೋಗಿ ನಿಲ್ಲಿಸಿ ಬಂದರು. ಡಿಟಿಪಿ ಮಾಡುವ ಹುಡುಗ ಕೀಲಿಮಣೆಯಿಂದ ಕೈ ತೆಗೆದ. ಬಾಗಿಲು ಮುಚ್ಚುವ ಭಾಗ ಬಂದಾಗ ಅವಳ ದನಿ ಕಟ್ಟಿತು, ಆದರೂ ಒಂದು ಸಾಲನ್ನೂ ಬಿಡಲಿಲ್ಲ. ಇದು ನನಗೆ ಮುಖ್ಯ. ಬಿಡಲು ಅವಕಾಶವಿತ್ತು. ಕೇಳುತ್ತಿದ್ದವರ ಕೈಯಲ್ಲಿ ಹಾಳೆ ಇರಲಿಲ್ಲ.

ಓದು ಮುಗಿಯಿತು. ಆ ಕಡೆಯಿಂದ ಕೆಲ ಹೊತ್ತು ಮಾತಿಲ್ಲ. ಆಮೇಲೆ ಆಯಿ ಹೇಳಿದರು, ‘ಬಾಗಿಲು ಹಾಕಿದ್ದು ಖರೆ, ಅದು ಇರಲಿ. ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದೆ ಎಂದು ಏಕೆ ಬರೆದೆ ತಂಗಿ?’

ಅವಳಿಗೆ ಉತ್ತರ ತೋಚಲಿಲ್ಲ. ಹಳೆಯ ಕಾಲದ ಹೆರಿಗೆ ಎಂದರೆ ಕುಡುಗೋಲು ಎಂದು ಎಲ್ಲಿಯೋ ಕೇಳಿದ್ದನ್ನು ಬರೆದಿದ್ದಳು.

‘ನಾನು ಹೊಸ ಬ್ಲೇಡು ತರಿಸುತ್ತಿದ್ದೆ. ನೀರು ಕುದಿಸಿ, ಬ್ಲೇಡನ್ನೂ ದಾರವನ್ನೂ ಅದರಲ್ಲಿ ಹಾಕಿ, ಆಮೇಲೆ ಮುಟ್ಟುತ್ತಿದ್ದೆ. ಕುಡುಗೋಲು ಹುಲ್ಲಿಗೆ, ಕೂಸಿಗಲ್ಲ. ನನ್ನ ಕೈಯಲ್ಲಿ ಒಂದು ಕೂಸಿಗೂ ನಂಜಾಗಿಲ್ಲ. ಅದನ್ನು ಬರೆ.’

ಇಷ್ಟೇ ಅವರ ತಕರಾರು. ಕುಡುಕ ಗಂಡನ ಪ್ರಸ್ತಾಪ ಕಥೆಯಲ್ಲಿದೆ, ಹೊಟ್ಟೆಗಿಲ್ಲದ ದಿನಗಳ ಮಾತಿದೆ, ಅವುಗಳ ಬಗ್ಗೆ ಆಯಿ ಏನೂ ಹೇಳಲಿಲ್ಲ. ಹೆಸರು ಬದಲಿಸಿದ್ದನ್ನೂ ಒಪ್ಪಿದರು. ತಮ್ಮ ಕಸುಬನ್ನು ತಪ್ಪಾಗಿ ತೋರಿಸಿದ್ದು ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ಜೀವಮಾನವಿಡೀ ಪಾಠ ಮಾಡಿದ ನಾನು ಅಲ್ಲಿ ಎದ್ದು ನಿಂತು ಕೈಮುಗಿಯಬೇಕೆನ್ನಿಸಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಜ್ಞಾನವುಳ್ಳ ಹೆಂಗಸರು ಹಳ್ಳಿ ಹಳ್ಳಿಯಲ್ಲಿ ಇದ್ದರು, ಅವರು ಹೇಗೆ ಕೆಲಸ ಮಾಡುತ್ತಿದ್ದರು ಎಂದು ಕೇಳಿ ಬರೆದಿಟ್ಟವರು ಎಷ್ಟು ಮಂದಿ?

ತಿದ್ದುಪಡಿ 71ನೇ ಪುಟದಲ್ಲಿ. ‘ಕುಡುಗೋಲಿನ ತುದಿಯಿಂದ’ ಎಂಬ ಎರಡು ಪದ ಹೋಗಿ, ಕುದಿಸಿದ ಬ್ಲೇಡಿನ ಎರಡು ವಾಕ್ಯ ಬಂದವು. ಆದರೆ ಆ ಕಥೆ 78ನೇ ಪುಟದ ಕಟ್ಟಕಡೆಯ ಸಾಲಿನಲ್ಲಿ ಮುಗಿಯುತ್ತಿತ್ತು. ಈಗ ಒಂದು ಸಾಲು 79ಕ್ಕೆ ಜಾರಿತು. ಅಲ್ಲಿ ಮುಂದಿನ ಕಥೆಯ ಶೀರ್ಷಿಕೆ. ಅದನ್ನು ತಳ್ಳಿದರೆ ಎಲ್ಲ ಪುಟಗಳೂ ಸರಿದು 128 ದಾಟುತ್ತದೆ. ಹದಿನಾರು ಪುಟಕ್ಕೆ ಒಂದು ಫಾರಮ್ಮು, ಎಂಟು ಫಾರಮ್ಮಿನ ಕಾಗದಕ್ಕೆ ಲೆಕ್ಕ ಹಾಕಿಯಾಗಿದೆ. ಅಕ್ಷರದ ಗಾತ್ರ ಇಳಿಸಿದರೆ ಆ ಒಂದು ಕಥೆ ಮಾತ್ರ ಬೇರೆಯಾಗಿ ಕಾಣುತ್ತದೆ. ಕಥೆಯೊಳಗೇ ಒಂದು ಸಾಲನ್ನು ಕಡಿಯಬೇಕು.

ನಾನು ಕಾರಿಡಾರಿನ ವರ್ಣನೆಯಲ್ಲಿ ಒಂದು ವಾಕ್ಯವನ್ನು ಸೂಚಿಸಿದೆ. ಅವಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೊನೆಯ ಪುಟದವರೆಗೆ ಬೆರಳಿಟ್ಟು ನೋಡುತ್ತ ಹೋದಳು. 77ರಲ್ಲಿ, ಬಾಗಿಲು ಹಾಕಿದ ಶುಶ್ರೂಷಕಿ ಒಳಗೆ ಗೋಡೆಗೊರಗಿ ಕಣ್ಣೀರು ಒರೆಸಿಕೊಂಡಳು ಎಂಬ ಸಾಲಿತ್ತು. ಅದಕ್ಕೆ ಗೀರು ಹಾಕಿದಳು.

‘ಅದು ಇರಲಿ, ಚೆನ್ನಾಗಿದೆ’ ಎಂದೆ.

‘ಅದು ನಡೆದದ್ದಲ್ಲ ಅಕ್ಕೋರೆ. ಆ ರಾತ್ರಿ ಇನ್ನೂ ಮೂರು ಹೆರಿಗೆ ಇದ್ದವು. ಅಳಲು ಹೊತ್ತು ಎಲ್ಲಿತ್ತು? ಬರೆಯುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ.’

ಸಾಲು ಹೋಯಿತು, ಕಥೆ 78ಕ್ಕೇ ನಿಂತಿತು. ಉಳಿದ ಕಥೆಗಳನ್ನು ಮುಗಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು. ರಾತ್ರಿಯೇ ಪುಟಗಳನ್ನು ಅಚ್ಚಿನ ಪ್ಲೇಟು ಮಾಡಲು ಕಳಿಸಿದರು.

ಪುಸ್ತಕ ಬಂದು ಕೆಲವು ತಿಂಗಳಾಯಿತು. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಕೊಡುವ ಪ್ರೋತ್ಸಾಹಧನಕ್ಕೂ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಬೇಕೆಂದು ಅವಳಿಗೆ ಒತ್ತಿ ಹೇಳಿದ್ದೇನೆ. ಅಂಗಡಿಗಳಿಗೆ ಕಮಿಷನ್ ಬಿಟ್ಟು ಕೊಟ್ಟ ಪ್ರತಿಗಳು ನಿಧಾನವಾಗಿ ಹೋಗುತ್ತಿವೆ. ಆಸ್ಪತ್ರೆಯ ಆಯಾಗಳು, ಆಂಬುಲೆನ್ಸ್ ಚಾಲಕರು ಕೊಂಡು ಓದುತ್ತಿದ್ದಾರೆ, ಅದು ನನಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ. ಆಯಿಗೆ ಅವರ ಮೊಮ್ಮಗ ಕಥೆಯನ್ನು ಓದಿ ಹೇಳಿದನಂತೆ. ಕೇಳಿದ ಮೇಲೆ ಆಯಿ ಮತ್ತೊಂದು ತಿದ್ದುಪಡಿ ಕಳಿಸಿದ್ದಾರೆ: ದಾರವನ್ನು ಬಳ್ಳಿಗೆ ಒಂದೇ ಕಡೆ ಕಟ್ಟುವುದಿಲ್ಲ, ಎರಡು ಕಡೆ ಕಟ್ಟಿ ನಡುವೆ ಕೊಯ್ಯಬೇಕು. ಎರಡನೇ ಮುದ್ರಣಕ್ಕೆಂದು ನನ್ನ ಪ್ರತಿಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಅದೂ 71ನೇ ಪುಟವೇ, ಕೆಳಗಿನಿಂದ ನಾಲ್ಕನೆಯ ಸಾಲು.