ಅವರ್ಷನ್ ಅಂದ್ರೆ ದ್ವೇಷ ಅಂತ ಬರೆಯೋ ಮುಂಚೆ

ಅನುವಾದದ ಕೆಲಸದಲ್ಲಿ ಪದೇ ಪದೇ ಎದುರಾಗೋ ಇಂಗ್ಲಿಷ್ ಪದ 'ಅವರ್ಷನ್' (aversion). ಡಿಕ್ಷನರಿ ತೆಗೆದ್ರೆ ಇಷ್ಟವಿಲ್ಲದಿರುವುದು, ಜಿಗುಪ್ಸೆ, ತಿರಸ್ಕಾರ ಅಂತ ಸಾಲಾಗಿ ಸಿಗುತ್ತೆ, ಟೀಮ್‌ಗೆ ಹೊಸದಾಗಿ ಬಂದವ್ರು ಅದ್ರಲ್ಲೊಂದನ್ನ ಎತ್ತಿ ಹಾಕ್ಬಿಡ್ತಾರೆ, ಆಗ ಹೂಡಿಕೆ ಬಗ್ಗೆ ಇರೋ ಬರಹದಲ್ಲಿ 'ರಿಸ್ಕ್ ದ್ವೇಷಿ' ಅಂತ ಒಬ್ಬ ಹುಟ್ಕೋತಾನೆ. ಅದಕ್ಕೇ ನಾನು ಈ ಪದ ಹೇಳ್ಕೊಡೋವಾಗ ಮೊದ್ಲು ಲ್ಯಾಟಿನ್‌ನಿಂದ ಶುರು ಮಾಡ್ತೀನಿ.

ಲ್ಯಾಟಿನ್‌ನಲ್ಲಿ 'ವರ್ಟೆರೆ' ಅಂದ್ರೆ ತಿರುಗಿಸು, ಅದಕ್ಕೆ ದೂರ ಅನ್ನೋ ಅರ್ಥದ 'ಆಬ್' ಸೇರಿ 'ಆವರ್ಟೆರೆ', ಅಂದ್ರೆ ಬೇರೆ ಕಡೆ ತಿರುಗಿಸು. ಇದ್ರಲ್ಲಿ ಸಿಟ್ಟಿಲ್ಲ, ಹಗೆ ಇಲ್ಲ, ಮುಖ ಆ ಕಡೆ ತಿರುಗಿದೆ ಅಷ್ಟೇ. ನಮ್ಮ 'ವಿಮುಖ' ಹೇಳೋದೂ ಇದನ್ನೇ ಅಲ್ವಾ! ಇನ್ನೊಂದು ನನಗೆ ತುಂಬಾ ಇಷ್ಟ, ಸಂಸ್ಕೃತದ 'ವೃತ್' ಧಾತುವೂ ಲ್ಯಾಟಿನ್‌ನ 'ವರ್ಟೆರೆ'ಯೂ ಒಂದೇ ಮೂಲದವು, ಹಾಗಾಗಿ ನಾವು ದಿನಾ ಆಡೋ ಪರಿವರ್ತನೆ, ಆವರ್ತನೆ ಎಲ್ಲಾ ಇಂಗ್ಲಿಷ್‌ನ ಕನ್ವರ್ಟ್, ರಿವರ್ಸ್, ವರ್ಷನ್‌ಗಳಿಗೆ ದೂರದ ನೆಂಟ್ರೇ.

ಈ ತಿರುಗೋದು ತಲೆಲಿದ್ರೆ ಬಾಕಿ ಅರ್ಥಗಳು ತಾವಾಗೇ ಬಿಡಿಸ್ಕೋತವೆ. ಒಬ್ರಿಗೆ 500 ಖಚಿತವಾಗಿ ಸಿಗುತ್ತೆ, ಇಲ್ಲಾ ನಾಣ್ಯ ಚಿಮ್ಮಿ 1000 ಅಥವಾ ಸೊನ್ನೆ ಅಂತ ಆಯ್ಕೆ ಕೊಟ್ರೆ, ಲೆಕ್ಕದಲ್ಲಿ ಎರಡೂ ಸರಾಸರಿ ಒಂದೇ ಆದ್ರೂ ಖಚಿತವಾದ 500 ತಗೊಳ್ಳೋದೇ ರಿಸ್ಕ್ ಅವರ್ಷನ್. ಅವ್ರು ಹೆದರಿಲ್ಲ, ದ್ವೇಷಿಸ್ತಿಲ್ಲ, ಅನಿಶ್ಚಿತತೆಯಿಂದ ಪಕ್ಕಕ್ಕೆ ಸರಿದಿದ್ದಾರೆ. ಲಾಸ್ ಅವರ್ಷನ್ ಬೇರೆ, ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಬರೆದ, ಅನಿಶ್ಚಿತತೆ ಇದ್ದಾಗ ಜನ ಹೇಗೆ ಆಯ್ಕೆ ಮಾಡ್ತಾರೆ ಅಂತ ಹೇಳೋ ಪ್ರಾಸ್ಪೆಕ್ಟ್ ಥಿಯರಿಯಲ್ಲಿ ಬರೋದು, ಅಷ್ಟೇ ಲಾಭದ ಖುಷಿಗಿಂತ ನಷ್ಟದ ನೋವು ಜಾಸ್ತಿ ಅನ್ನೋದು. ಎರಡಕ್ಕೂ ಒಂದೇ ಪದ ಹಾಕಿದ್ರೆ ಓದೋರಿಗೆ ಮೋಸ.

ಮನಃಶಾಸ್ತ್ರದಲ್ಲಿ ಮಾತ್ರ ಪದ ಗಟ್ಟಿಯಾಗುತ್ತೆ. 1955ರಲ್ಲಿ ಮನಃಶಾಸ್ತ್ರಜ್ಞ ಜಾನ್ ಗಾರ್ಸಿಯಾ ಮತ್ತು ಜೊತೆಗಾರರು ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿನೀರು ಕುಡಿಯೋವಾಗ ಹೊಟ್ಟೆ ಕೆಡಿಸೋ ವಿಕಿರಣ ಕೊಟ್ರು, ಆಮೇಲೆ ಇಲಿಗಳು ಆ ಸಿಹಿಯನ್ನೇ ದೂರ ಇಟ್ವು. ಟೇಸ್ಟ್ ಅವರ್ಷನ್ ಅಂದ್ರೆ ಇದು, ಇಲ್ಲಿ 'ಜಿಗುಪ್ಸೆ' ಅಂತ ಬರೆದ್ರೂ ನಾನು ತಿದ್ದಲ್ಲ.

ಅವರ್ಷನ್ ಇರೋರಿಗೆ ಹೇಳೋ 'ಅವರ್ಸ್' (averse) ಮತ್ತು ಪ್ರತಿಕೂಲ ಅನ್ನೋ ಅರ್ಥದ 'ಅಡ್ವರ್ಸ್' (adverse) ಕಲೆಸ್ಕೊಂಡಾಗ ಮಾತ್ರ ಖಂಡಿತ ವಾಪಸ್ ಕಳಿಸ್ತೀನಿ. ಎರಡನೇದ್ರಲ್ಲಿ 'ಆಡ್' ಇದೆ, ಅಂದ್ರೆ ಕಡೆಗೆ, ನಮ್ಮ ಕಡೆಗೇ ತಿರುಗಿ ಎದುರು ನಿಂತಿದ್ದು. ಔಷಧಿಯ ಅಡ್ವರ್ಸ್ ಎಫೆಕ್ಟ್ ಮೈಗೆ ಆಗೋ ತೊಂದ್ರೆ, ಅವರ್ಸ್ ಆಗಿರೋದು ಮನುಷ್ಯನ ಮನಸ್ಸು. ಇವೆರಡನ್ನ ಕಲೆಸ್ಕೊಂಡು ರೋಗಿಗೆ ಹೋಗೋ ಹಾಳೆಯಲ್ಲಿ 'ಔಷಧಿ ಇಷ್ಟವಾಗದಿದ್ದರೆ ವೈದ್ಯರಿಗೆ ತಿಳಿಸಿ' ಅಂತಿದ್ರೆ, ಮೈತುಂಬಾ ಗಂಧೆ ಎದ್ದೋರು ಅದು ತಮಗಲ್ಲ ಅಂದ್ಕೊಂಡು ಸುಮ್ನಾಗ್ಬಿಡ್ತಾರೆ.